ನೇಪಾಳದಲ್ಲಿ ಯಾವ ದಾರಿ ಹಿಡಿಯಬೇಕು: ಎವರೆಸ್ಟ್, ಅನ್ನಪೂರ್ಣ, ಲಾಂಗ್‌ಟಾಂಗ್, ಮುಕ್ತಿನಾಥ

ನೇಪಾಳಕ್ಕೆ ಹೊರಟವರು ಮೊದಲು ಕೇಳುವುದು "ಎವರೆಸ್ಟ್ ಬೇಸ್ ಕ್ಯಾಂಪ್ ನಮ್ಮ ಕೈಲಿ ಆಗುತ್ತಾ?" ಅಂತ. ಕಾಲಿನ ಮಟ್ಟಿಗೆ ಹೇಳುವುದಾದರೆ, ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರಿಗೆ ಖಂಡಿತ ಆಗುತ್ತದೆ. ಆದರೆ ಹೆಚ್ಚಿನವರು ಸೋಲುವುದು ರಜೆಯ ಲೆಕ್ಕದಲ್ಲಿ. ಹದಿನಾರು ದಿನ ಬೇಕಾದ ಕಡೆ ಹನ್ನೊಂದು ದಿನದ ರಜೆ ಹಾಕಿ ಹೋಗುತ್ತಾರೆ, ವಿಶ್ರಾಂತಿಯ ದಿನಗಳನ್ನು ಕತ್ತರಿಸುತ್ತಾರೆ, ನಾಲ್ಕು ಸಾವಿರ ಮೀಟರ್ ದಾಟಿದ ಮೇಲೆ ತಲೆ ಹಿಡಿದುಕೊಂಡು ಕೂರುತ್ತಾರೆ.

ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಎವರೆಸ್ಟ್ ದಾರಿಗೆ ವಿಮಾನ ಇಳಿಸುವ ಲುಕ್ಲಾ ಅದಕ್ಕಿಂತ 900 ಮೀಟರ್ ಮೇಲಿದೆ. ಅಂದರೆ ನಮ್ಮ ಬೆಟ್ಟಗಳನ್ನು ಎಷ್ಟು ಸಲ ಹತ್ತಿದ್ದರೂ ಅಲ್ಲಿನ ತೆಳು ಗಾಳಿ ನಮಗೆ ಹೊಸದೇ. ಆದ್ದರಿಂದ ಶಿಖರದ ಹೆಸರನ್ನು ಪಕ್ಕಕ್ಕಿಟ್ಟು ಎರಡು ವಿಷಯ ಬರೆದುಕೊಳ್ಳಿ: ಮನೆ ಬಿಟ್ಟು ಮನೆ ಸೇರುವವರೆಗೆ ನಿಮಗೆ ಎಷ್ಟು ದಿನ ಸಿಗುತ್ತದೆ, ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ. ದಾರಿಯ ಆಯ್ಕೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ಬೆಂಗಳೂರಿನಿಂದ ಹೊರಟು ಮರಳುವ ಲೆಕ್ಕ ಹೀಗಿದೆ. ಎವರೆಸ್ಟ್ ಬೇಸ್ ಕ್ಯಾಂಪಿಗೆ 16ರಿಂದ 17 ದಿನ. ಅನ್ನಪೂರ್ಣ ಬೇಸ್ ಕ್ಯಾಂಪಿಗೆ 10ರಿಂದ 11, ಪೂನ್ ಹಿಲ್ ಸೇರಿಸಿದರೆ 12ರಿಂದ 13. ಲಾಂಗ್‌ಟಾಂಗ್ ಕಣಿವೆಗೆ 10ರಿಂದ 11. ನಡಿಗೆಯೇ ಬೇಡ, ವಾಹನದಲ್ಲಿ ಹಿಮಾಲಯ ನೋಡಿ ದೇವರ ದರ್ಶನವೂ ಆಗಲಿ ಅನ್ನುವವರಿಗೆ ಮುಕ್ತಿನಾಥ, 7ರಿಂದ 8 ದಿನ. ಹದಿನಾರು ದಿನಕ್ಕಿಂತ ಕಡಿಮೆ ರಜೆ ಇದ್ದರೆ ಎವರೆಸ್ಟ್ ದಾರಿಯನ್ನು ಈ ವರ್ಷಕ್ಕೆ ಕೈಬಿಡಿ. ಅದನ್ನು ಅವಸರದಲ್ಲಿ ಮುಗಿಸುವ ಉಪಾಯ ಯಾವುದೂ ಇಲ್ಲ.

ಎತ್ತರದ ಲೆಕ್ಕ

3,000 ಮೀಟರ್ ದಾಟಿದ ಮೇಲೆ ಇಂದು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ ಸುಮಾರು 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲು ಮೇಲೆ ಹತ್ತಿ ಬಂದರೆ ತೊಂದರೆಯಿಲ್ಲ, ಒಳ್ಳೆಯದೇ. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ, ಏಕೆಂದರೆ ನಿದ್ದೆಯಲ್ಲಿ ಉಸಿರಾಟ ನಿಧಾನವಾಗಿ ರಕ್ತದಲ್ಲಿ ಆಮ್ಲಜನಕ ಇನ್ನೂ ಇಳಿಯುತ್ತದೆ. ಎವರೆಸ್ಟ್ ಬೇಸ್ ಕ್ಯಾಂಪಿನ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ.

ತಲೆನೋವು, ಊಟ ಸೇರದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು, ವಿಪರೀತ ಸುಸ್ತು: ಇವು ಎತ್ತರದ ಕಾಯಿಲೆಯ ಶುರು. ಇವು ಕಂಡಾಗ ಅಲ್ಲೇ ಉಳಿಯಬೇಕು, ಮೇಲೆ ಹೋಗಬಾರದು. ಒಂದು ದಿನದಲ್ಲಿ ಕಡಿಮೆಯಾಗದಿದ್ದರೆ ಇಳಿಯಬೇಕು. ಇದಕ್ಕಿಂತ ಗಂಭೀರವಾದವು ಎರಡಿವೆ. ಮಿದುಳಿನಲ್ಲಿ ನೀರು ತುಂಬಿದರೆ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸುತ್ತ ಹತ್ತು ಹೆಜ್ಜೆ ನಡೆಸಿ ನೋಡಿ. ಗೆರೆ ತಪ್ಪಿದರೆ ರಾತ್ರಿಯಾದರೂ ಸರಿ, ಕೆಳಗೆ ಕರೆದುಕೊಂಡು ಹೋಗಬೇಕು. ಶ್ವಾಸಕೋಶದಲ್ಲಿ ನೀರು ತುಂಬಿದರೆ ಸುಮ್ಮನೆ ಕೂತಾಗಲೂ ಏದುಸಿರು, ಒದ್ದೆ ಕೆಮ್ಮು. ಇದಕ್ಕೂ ಮೊದಲ ಮದ್ದು ಇಳಿಯುವುದೇ. 500ರಿಂದ 1,000 ಮೀಟರ್ ಇಳಿದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ.

ಡೈಮಾಕ್ಸ್ ಮಾತ್ರೆಯನ್ನು ಮುಂಜಾಗ್ರತೆಗೆ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಡುವುದು ರೂಢಿ. ಸಲ್ಫಾ ಔಷಧಿ ಒಗ್ಗದವರು ಇದ್ದಾರೆ, ಹಾಗಾಗಿ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಬೇಕು. ಮಾತ್ರೆ ನುಂಗಿದ್ದೇವೆ ಅಂತ ವಿಶ್ರಾಂತಿಯ ದಿನ ಬಿಡುವ ಹಾಗಿಲ್ಲ. ಇನ್ನೊಂದು ಮಾತು: ಮ್ಯಾರಥಾನ್ ಓಡುವ ಗಟ್ಟಿ ಹುಡುಗರಿಗೆ ಈ ಕಾಯಿಲೆ ಬೇಗ ಬರುವುದನ್ನು ಆ ದಾರಿಗಳಲ್ಲಿ ಎಲ್ಲರೂ ನೋಡುತ್ತಾರೆ. ಅವರ ಕಾಲು ವೇಗವಾಗಿ ಹತ್ತಿಸಿಬಿಡುತ್ತದೆ, ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ.

ಎವರೆಸ್ಟ್ ಬೇಸ್ ಕ್ಯಾಂಪ್

ಲುಕ್ಲಾದಿಂದ ಹೋಗಿ ಬರಲು ಸುಮಾರು 130 ಕಿಲೋಮೀಟರ್, 12 ದಿನದ ನಡಿಗೆ. ರಾತ್ರಿಗಳ ಸರಣಿ ಇದು: ಫಾಕ್ಡಿಂಗ್ (2,610 ಮೀಟರ್), ನಾಮ್ಚೆ ಬಜಾರ್ (3,440) ಎರಡು ರಾತ್ರಿ, ತೆಂಗ್ಬೋಚೆ (3,860), ಡಿಂಗ್ಬೋಚೆ (4,410) ಎರಡು ರಾತ್ರಿ, ಲೊಬುಚೆ (ಸುಮಾರು 4,900), ಗೋರಕ್ ಶೆಪ್ (5,160). ಬೇಸ್ ಕ್ಯಾಂಪ್ 5,364 ಮೀಟರ್‌ನಲ್ಲಿದೆ. ಅಲ್ಲಿ ಚಾರಣಿಗರು ಉಳಿಯುವುದಿಲ್ಲ, ನೋಡಿಕೊಂಡು ಗೋರಕ್ ಶೆಪ್‌ಗೆ ಮರಳುತ್ತಾರೆ. ಮರುದಿನ ನಸುಕಿನಲ್ಲಿ ಪಕ್ಕದ ಕಾಲಾ ಪತ್ಥರ್ ಎಂಬ ಗುಡ್ಡ ಹತ್ತಿ, ಆಮೇಲೆ ಮೂರು ದಿನದಲ್ಲಿ ಲುಕ್ಲಾಕ್ಕೆ ಇಳಿತ.

ಬಹಳ ಜನಕ್ಕೆ ಅಲ್ಲಿಗೆ ಹೋಗುವವರೆಗೂ ಗೊತ್ತಿರದ ಸಂಗತಿ: ಬೇಸ್ ಕ್ಯಾಂಪಿನಿಂದ ಎವರೆಸ್ಟ್ ತುದಿ ಕಾಣುವುದಿಲ್ಲ. ನುಪ್ಟ್ಸೆ ಮತ್ತು ಪಶ್ಚಿಮದ ಏಣು ಅಡ್ಡ ಬರುತ್ತವೆ. 8,848.86 ಮೀಟರಿನ ಆ ತುದಿ ಹತ್ತಿರದಿಂದ ಚೆನ್ನಾಗಿ ಕಾಣಬೇಕಾದರೆ ಕಾಲಾ ಪತ್ಥರ್ ಹತ್ತಬೇಕು. ಹಳದಿ ಡೇರೆಗಳ ಸಾಲೂ ವರ್ಷವಿಡೀ ಇರುವುದಿಲ್ಲ. ಆರೋಹಿಗಳು ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಕ್ಟೋಬರಿನಲ್ಲಿ ಹೋದರೆ ಬಂಡೆ, ಮಂತ್ರಪತಾಕೆ, ಹಿಮನದಿ ಇಷ್ಟೇ. ಆಕಾಶ ಮಾತ್ರ ಅಕ್ಟೋಬರ್, ನವೆಂಬರಿನಲ್ಲೇ ತಿಳಿ.

ಈ ದಾರಿಯ ನಿಜವಾದ ಕಂಟಕ ಲುಕ್ಲಾ. ರನ್‌ವೇ ಉದ್ದ 527 ಮೀಟರ್, ಅದೂ ಇಳಿಜಾರು. ಒಂದು ತುದಿಯಲ್ಲಿ ಬೆಟ್ಟದ ಗೋಡೆ, ಇನ್ನೊಂದು ತುದಿಯಲ್ಲಿ ಕಣಿವೆ. ಇಳಿಯುವ ವಿಮಾನ ಏರಿನಲ್ಲಿ ನಿಲ್ಲುತ್ತದೆ, ಹಾರುವ ವಿಮಾನ ಇಳಿಜಾರಿನಲ್ಲಿ ಓಡಿ ಕಣಿವೆಗೆ ಜಿಗಿಯುತ್ತದೆ. ಪೈಲಟ್ ಕಣ್ಣಾರೆ ನೋಡಿಯೇ ಇಳಿಸಬೇಕಾದ್ದರಿಂದ ಮೋಡ ಮುಚ್ಚಿದರೆ ಅವತ್ತಿನ ವಿಮಾನ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ, ಮೋಡ ಎರಡೂ ಏರುವುದರಿಂದ ಬೆಳಗಿನ ಮೊದಲ ಸರದಿಯ ಟಿಕೆಟ್ ಕೇಳಿ ತೆಗೆದುಕೊಳ್ಳಿ. ದಟ್ಟಣೆಯ ಕಾಲದಲ್ಲಿ ವಿಮಾನಗಳು ಕಾಠ್ಮಂಡುವಿನ ಬದಲು ರಾಮೇಛಾಪ್‌ನಿಂದ ಹೊರಡುತ್ತವೆ. ಅದು ಕಾಠ್ಮಂಡುವಿನಿಂದ ನಾಲ್ಕೈದು ಗಂಟೆಯ ರಸ್ತೆ, ಹಾಗಾಗಿ ನಡುರಾತ್ರಿಯ ನಂತರ ಜೀಪು ಹತ್ತಬೇಕು. ಟಿಕೆಟ್ ಮಾಡುವಾಗಲೇ "ವಿಮಾನ ಎಲ್ಲಿಂದ?" ಎಂದು ಕೇಳದವರು ತಪ್ಪು ಊರಿನಲ್ಲಿ ಹೋಟೆಲ್ ಕಾಯ್ದಿರಿಸಿ ಕೂರುತ್ತಾರೆ. ಸಾಮಾನಿನ ಮಿತಿ ಕೈಚೀಲವೂ ಸೇರಿ 15 ಕಿಲೋ. ಹೋಗುವಾಗ ಎಡಗಡೆಯ ಸೀಟು ಹಿಡಿದರೆ ಹಿಮಾಲಯದ ಸಾಲು ಕಾಣುತ್ತದೆ.

ಮರಳುವ ವಿಮಾನಕ್ಕೂ ಕಾಠ್ಮಂಡುವಿನಿಂದ ಊರಿಗೆ ಹೊರಡುವ ವಿಮಾನಕ್ಕೂ ನಡುವೆ ಕಡೇಪಕ್ಷ ಎರಡು ದಿನ ಬಿಡಿ. ಹವಾಮಾನ ಕೆಟ್ಟರೆ ಲುಕ್ಲಾದಲ್ಲಿ ನೂರಾರು ಜನ ಸಾಲುಗಟ್ಟುತ್ತಾರೆ. ಮರುದಿನ ಆಕಾಶ ತೆರೆದಾಗ ಮೊದಲು ಹೋಗುವುದು ಅವತ್ತಿನ ಟಿಕೆಟ್ ಇರುವವರು, ನಿನ್ನೆ ಉಳಿದವರು ಖಾಲಿ ಸೀಟಿಗೆ ಕಾಯಬೇಕು. ಎರಡು ದಿನ ಬಿಟ್ಟಿರದವರು ದುಬಾರಿ ಹೆಲಿಕಾಪ್ಟರ್ ಹತ್ತುತ್ತಾರೆ, ಇಲ್ಲವೇ ಊರಿನ ಟಿಕೆಟ್ ಕಳೆದುಕೊಳ್ಳುತ್ತಾರೆ.

ನಡಿಗೆಯಲ್ಲಿ ಕಷ್ಟದ ದಿನ ಎರಡನೆಯದು. ನದಿಯ ಮೇಲಿನ ಎತ್ತರದ ತೂಗುಸೇತುವೆ ದಾಟಿದ ಮೇಲೆ ನಾಮ್ಚೆಗೆ ಸುಮಾರು 600 ಮೀಟರ್ ಒಂದೇ ಸಮನೆ ಏರು. ಇಲ್ಲಿ ಅವಸರ ಮಾಡಿದವರಿಗೆ ಅವತ್ತೇ ರಾತ್ರಿ ತಲೆನೋವು ಶುರು. ನಾಮ್ಚೆಯ ವಿಶ್ರಾಂತಿ ದಿನ ಅಂದರೆ ಮಲಗಿಕೊಂಡಿರುವ ದಿನ ಅಲ್ಲ. 3,880 ಮೀಟರಿನ ಎವರೆಸ್ಟ್ ವ್ಯೂ ಹೋಟೆಲ್‌ವರೆಗೆ ಹತ್ತಿ, ಒಂದು ಚಹಾ ಕುಡಿದು, ಕೆಳಗೆ ಬಂದು ಮಲಗಬೇಕು. ಶನಿವಾರ ಅಲ್ಲಿದ್ದರೆ ಸಂತೆಯೂ ಸಿಗುತ್ತದೆ. ಸೇತುವೆಯ ಮೇಲೆ ಯಾಕ್, ಝೋಪ್ಕ್ಯೊ (ಯಾಕ್ ಮತ್ತು ದನದ ಮಿಶ್ರತಳಿ) ಅಥವಾ ಹೇಸರಗತ್ತೆಗಳ ಸಾಲು ಬಂದರೆ ಮೊದಲು ಅವುಗಳಿಗೆ ದಾರಿ ಬಿಡಿ. ಬೆಟ್ಟದ ದಾರಿಯಲ್ಲಾದರೆ ಗೋಡೆಯ ಕಡೆ ಒತ್ತಿ ನಿಲ್ಲಿ. ಕಣಿವೆಯ ಕಡೆ ನಿಂತವರನ್ನು ಅವುಗಳ ಬೆನ್ನಿನ ಮೂಟೆ ತಳ್ಳಿಬಿಡುತ್ತದೆ.

ಖರ್ಚಿನಲ್ಲಿ ಇದೇ ಹೆಚ್ಚು. ವಿಮಾನದ ದರ ಒಂದು ಕಡೆ, ಎತ್ತರ ಹೆಚ್ಚಿದಂತೆ ಊಟದ ದರ ಇನ್ನೊಂದು ಕಡೆ, ಏಕೆಂದರೆ ಅಕ್ಕಿಯಿಂದ ಗ್ಯಾಸ್‌ವರೆಗೆ ಎಲ್ಲವೂ ಬೆನ್ನ ಮೇಲೆ ಬರಬೇಕು. ಕೆಳಗಿನ ಊರುಗಳಲ್ಲಿ ಆರೇಳು ನೂರು ನೇಪಾಳಿ ರೂಪಾಯಿಯ ದಾಲ್ ಭಾತ್ ಗೋರಕ್ ಶೆಪ್‌ನಲ್ಲಿ ಸಾವಿರ ದಾಟುತ್ತದೆ. ಫೋನ್ ಚಾರ್ಜಿಗೆ, ಬಿಸಿನೀರಿಗೆ, ವೈಫೈಗೆ ಬೇರೆ ಬೇರೆ ದುಡ್ಡು.

ಅನ್ನಪೂರ್ಣ ಬೇಸ್ ಕ್ಯಾಂಪ್

ಮೊದಲ ಸಲ ಹಿಮಾಲಯಕ್ಕೆ ಹೋಗುವ ಕನ್ನಡಿಗರಿಗೆ ನಾವು ಮೊದಲು ಹೇಳುವುದು ಇದನ್ನೇ. ಎತ್ತರ 4,130 ಮೀಟರ್, ಅಂದರೆ ಎವರೆಸ್ಟ್ ದಾರಿಗಿಂತ ಸಾವಿರದಿನ್ನೂರು ಮೀಟರ್ ಕಡಿಮೆ. ಲುಕ್ಲಾದ ಜೂಜಾಟ ಇಲ್ಲ. ಸಿಗುವ ನೋಟವೋ, ಅಷ್ಟು ಕಡಿಮೆ ಎತ್ತರದಲ್ಲಿ ಇನ್ನೆಲ್ಲೂ ಅಷ್ಟು ಹತ್ತಿರ ಸಿಗುವುದಿಲ್ಲ. ಬೇಸ್ ಕ್ಯಾಂಪ್ ಒಂದು ಬಟ್ಟಲಿನ ತಳದಂತಿದೆ. ಸುತ್ತಲೂ 8,091 ಮೀಟರಿನ ಅನ್ನಪೂರ್ಣ, ಹಿಯುಂಚುಲಿ, ಗಂಗಾಪೂರ್ಣ, ಹಿಂದೆ ಮೀನಿನ ಬಾಲದಂಥ ಮಚ್ಛಾಪುಚ್ಛ್ರೆ. 6,993 ಮೀಟರಿನ ಈ ಕೊನೆಯದನ್ನು ಪವಿತ್ರವೆಂದು ಹತ್ತಲು ಬಿಡುವುದಿಲ್ಲ. ಬೆಳಿಗ್ಗೆ ಸೂರ್ಯನ ಬೆಳಕು ಮೊದಲು ಅನ್ನಪೂರ್ಣದ ತುದಿಗೆ ತಾಗಿ ಮೆಲ್ಲಗೆ ಗೋಡೆಯುದ್ದಕ್ಕೂ ಇಳಿದು ಬರುತ್ತದೆ, ಕೆಳಗೆ ನಿಂತವರಿಗೆ ಬಿಸಿಲು ತಲುಪಲು ತುಂಬಾ ಹೊತ್ತು ಬೇಕು. ಕೈಗವಸು ಹಾಕಿಕೊಂಡೇ ನಿಂತಿರಿ.

ಪೋಖರಾ (ಸುಮಾರು 820 ಮೀಟರ್) ತಲುಪುವುದು ಮೊದಲ ಕೆಲಸ. ಕಾಠ್ಮಂಡುವಿನಿಂದ ಸುಮಾರು 200 ಕಿಲೋಮೀಟರ್, ರಸ್ತೆ ಕೆಲಸದಿಂದಾಗಿ ಏಳರಿಂದ ಒಂಬತ್ತು ಗಂಟೆ. ವಿಮಾನದಲ್ಲಿ 25 ನಿಮಿಷ, ಬಲಗಡೆ ಕೂರಿ. ರೈಲಿನಲ್ಲಿ ಹೋಗುವವರು ಗೋರಖಪುರದಿಂದ ಸುನೌಲಿ ಗಡಿ ದಾಟಿ ನೇರ ಪೋಖರಾಕ್ಕೆ ಬಸ್ ಹಿಡಿಯಬಹುದು, ಕಾಠ್ಮಂಡುವಿಗೆ ಸುತ್ತಬೇಕಿಲ್ಲ. ಪೋಖರಾದಿಂದ ಜೀಪು ಈಗ ಝಿನು ತೂಗುಸೇತುವೆಯ ಬುಡದವರೆಗೂ ಹೋಗುತ್ತದೆ. 287 ಮೀಟರ್ ಉದ್ದದ ಆ ಸೇತುವೆ ದಾಟಿದರೆ ನಡಿಗೆ ಶುರು. ಅಲ್ಲಿಂದ ಛೋಮ್ರೊಂಗ್ (2,170), ಬ್ಯಾಂಬೂ (2,310), ದೋವನ್ (2,600), ಹಿಮಾಲಯ (2,920), ದೇವರಾಲಿ (3,230), ಮಚ್ಛಾಪುಚ್ಛ್ರೆ ಬೇಸ್ ಕ್ಯಾಂಪ್ (3,700), ಕೊನೆಗೆ ಅನ್ನಪೂರ್ಣ.

ಇದು ಮೆಟ್ಟಿಲುಗಳ ದಾರಿ. ಛೋಮ್ರೊಂಗ್‌ನಿಂದ ಹೊಳೆಯವರೆಗೆ ಕಲ್ಲಿನ ಮೆಟ್ಟಿಲು ಇಳಿದು, ಆಚೆ ದಡದಲ್ಲಿ ಸಿನುವಾಕ್ಕೆ ಅಷ್ಟೇ ಹತ್ತಬೇಕು. ಬರುವಾಗ ಮತ್ತೆ ಅದೇ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಆರು ಕಿಲೋ ಚೀಲ ಹೊತ್ತು ವಾರಕ್ಕೆರಡು ಸಲ ಹತ್ತಿಳಿದು ಎರಡು ತಿಂಗಳು ಅಭ್ಯಾಸ ಮಾಡಿದವರಿಗೆ ಇಲ್ಲಿ ಕಷ್ಟವಾಗುವುದಿಲ್ಲ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ, ಮಂಡಿ ನೋಯುವುದು ಇಳಿಯುವಾಗಲೇ. ಶೂ ತುದಿಗೂ ಹೆಬ್ಬೆರಳಿಗೂ ಒಂದು ಬೆರಳಗಲ ಜಾಗ ಇಲ್ಲದಿದ್ದರೆ ಉಗುರು ಕಪ್ಪಾಗಿ ಕಿತ್ತು ಬರುತ್ತದೆ.

ತಪ್ಪುವುದು ಎರಡು ಕಡೆ. ದೇವರಾಲಿಯಿಂದ ಒಂದೇ ದಿನ ಬೇಸ್ ಕ್ಯಾಂಪಿಗೆ ಹೋಗಿ ಮಲಗಿದರೆ 900 ಮೀಟರ್ ಏರಿದ ಹಾಗೆ. ಬಹಳ ಗುಂಪುಗಳು ಹೀಗೇ ಮಾಡುತ್ತವೆ, ರಾತ್ರಿಯಿಡೀ ತಲೆನೋವು. ಮಚ್ಛಾಪುಚ್ಛ್ರೆ ಬೇಸ್ ಕ್ಯಾಂಪಿನಲ್ಲಿ ಒಂದು ರಾತ್ರಿ ಕಳೆದು ಮುಂದಕ್ಕೆ ಹೋಗಿ. ಎರಡನೆಯದು ಹಿಮಕುಸಿತ. ಹಿಂಕು ಗುಹೆಯಿಂದ ದೇವರಾಲಿ ದಾಟಿ ಮೇಲೆ ಹೋಗುವ ಇಕ್ಕಟ್ಟಿನ ಕಣಿವೆಗೆ, ಕಣ್ಣಿಗೆ ಕಾಣದಷ್ಟು ಮೇಲಿನ ಹಿಯುಂಚುಲಿ ಇಳಿಜಾರಿನಿಂದ ಹಿಮ ಜಾರಿ ಬೀಳುತ್ತದೆ. 2020ರ ಜನವರಿಯಲ್ಲಿ ಇಲ್ಲಿ ಕೊರಿಯಾದ ಚಾರಣಿಗರೂ ನೇಪಾಳಿಗಳೂ ಪ್ರಾಣ ಕಳೆದುಕೊಂಡರು. ಜನವರಿಯಿಂದ ಮಾರ್ಚ್‌ವರೆಗೆ ಹೊಸ ಹಿಮ ಬಿದ್ದ ಮೇಲೆ ಒಂದೆರಡು ದಿನ ಕಾಯಬೇಕು, ದಾಟುವುದಾದರೆ ಬಿಸಿಲೇರುವ ಮೊದಲು ದಾಟಿಬಿಡಬೇಕು. ಲಾಡ್ಜಿನವರು "ಇವತ್ತು ಬೇಡ" ಅಂದರೆ ವಾದ ಮಾಡಬೇಡಿ.

ಸಸ್ಯಾಹಾರಿಗಳಿಗೆ ಈ ದಾರಿ ಹೇಳಿ ಮಾಡಿಸಿದ್ದು. ಸಿನುವಾದಿಂದ ಮೇಲೆ ಪವಿತ್ರ ಕ್ಷೇತ್ರವೆಂದು ಮಾಂಸ ಒಯ್ಯುವುದಿಲ್ಲ. ಇಳಿದು ಬಂದ ಮೇಲೆ ಝಿನುವಿನಲ್ಲಿ ಹೊಳೆಯ ಪಕ್ಕದ ಬಿಸಿನೀರಿನ ಬುಗ್ಗೆ ಇದೆ, ಅದಕ್ಕಾಗಿ ಅರ್ಧ ದಿನ ಇಟ್ಟುಕೊಳ್ಳಿ. ಎರಡು ದಿನ ಹೆಚ್ಚಿಗೆ ಸಿಕ್ಕರೆ ಘೋರೆಪಾನಿಯಿಂದ 3,210 ಮೀಟರಿನ ಪೂನ್ ಹಿಲ್ ಹತ್ತಿ, ತಾಡಾಪಾನಿ ಮೂಲಕ ಛೋಮ್ರೊಂಗ್ ಸೇರಬಹುದು. ಮಾರ್ಚ್ ಕೊನೆ, ಏಪ್ರಿಲ್ ಆದರೆ ಆ ಕಾಡೆಲ್ಲ ಲಾಲಿಗುರಾಂಸ್ ಹೂವಿನಿಂದ ಕೆಂಪಾಗಿರುತ್ತದೆ. ಬರೀ ಪೂನ್ ಹಿಲ್ ಸಾಕೆಂದರೆ ಪೋಖರಾದಿಂದ ಮೂರು ನಾಲ್ಕು ದಿನ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದು ಸರಿ.

ಲಾಂಗ್‌ಟಾಂಗ್

ಜನಜಂಗುಳಿ ಬೇಡ, ವಿಮಾನದ ತಲೆಬಿಸಿ ಬೇಡ, ಖರ್ಚೂ ಹಿಡಿತದಲ್ಲಿರಬೇಕು ಅನ್ನುವವರು ಇಲ್ಲಿಗೆ ಹೋಗಿ. ಕಾಠ್ಮಂಡುವಿನಿಂದ ಬಸ್ಸು ಅಥವಾ ಜೀಪಿನಲ್ಲಿ ಸ್ಯಾಫ್ರುಬೆಸಿ (ಸುಮಾರು 1,500 ಮೀಟರ್), ಅಲ್ಲಿಂದ ಲಾಮಾ ಹೋಟೆಲ್ (ಸುಮಾರು 2,450), ಲಾಂಗ್‌ಟಾಂಗ್ ಊರು (3,430), ಕ್ಯಾಂಜಿನ್ ಗೊಂಪಾ (3,870). ಕ್ಯಾಂಜಿನ್‌ನಲ್ಲಿ ಎರಡು ಮೂರು ರಾತ್ರಿ ಉಳಿದು ಕ್ಯಾಂಜಿನ್ ರಿ (4,773) ಅಥವಾ ಚೆರ್ಕೋ ರಿ (4,984) ಹತ್ತಿ ಬರಬಹುದು. ಅಂದರೆ ಐದು ಸಾವಿರ ಮೀಟರಿನ ಹತ್ತಿರ ಹೋಗಿ ಬಂದು, 3,870ರಲ್ಲಿ ಮಲಗುವ ಅವಕಾಶ. ಎತ್ತರಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು ತಿಳಿಯಲು, ಮುಂದೆ ಎವರೆಸ್ಟ್ ದಾರಿಗೆ ಹೋಗುವ ಆಸೆ ಇರುವವರಿಗೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇಲ್ಲಿನ ಬಲೆ ಎರಡನೇ ಮತ್ತು ಮೂರನೇ ರಾತ್ರಿಯ ನಡುವೆ ಇದೆ. ಲಾಮಾ ಹೋಟೆಲ್‌ನಿಂದ ಲಾಂಗ್‌ಟಾಂಗ್‌ಗೆ ಒಂದೇ ದಿನದಲ್ಲಿ ಸಾವಿರ ಮೀಟರ್ ಏರಿಕೆ. ಎಲ್ಲರ ಪಟ್ಟಿಯಲ್ಲೂ ಹಾಗೇ ಬರೆದಿರುತ್ತದೆ. ರಜೆ ಇದ್ದರೆ ಸುಮಾರು 3,000 ಮೀಟರಿನ ಘೋಡಾ ತಬೇಲಾದಲ್ಲಿ ಒಂದು ರಾತ್ರಿ ನಿಂತು ಹೋಗಿ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಲಾಂಗ್‌ಟಾಂಗ್ ಊರಿನ ಮೇಲೆ ಹಿಮ, ಬಂಡೆ, ಮಣ್ಣು ಒಟ್ಟಿಗೆ ಕುಸಿದು ಇಡೀ ಊರು ಹೂತುಹೋಯಿತು. ಈಗಿನ ದಾರಿ ಆ ಕಲ್ಲುರಾಶಿಯ ಮೇಲೆಯೇ ಸಾಗುತ್ತದೆ, ಹೊಸ ಊರು ಸ್ವಲ್ಪ ಮೇಲೆ ಎದ್ದು ನಿಂತಿದೆ. ಸತ್ತವರ ಹೆಸರು ಬರೆದ ಗೋಡೆ ದಾರಿಯಲ್ಲೇ ಇದೆ. ಅಲ್ಲಿ ದನಿ ತಗ್ಗಿಸಿ ನಡೆಯಿರಿ, ಗೋಡೆಯನ್ನು ಎಡಗಡೆಯಿಂದ, ಅಂದರೆ ಅದು ನಿಮ್ಮ ಬಲಕ್ಕೆ ಇರುವಂತೆ ದಾಟಿ. ಮಣಿಗೋಡೆ, ಸ್ತೂಪ ಯಾವುದಾದರೂ ಅದೇ ಪದ್ಧತಿ, ನಮ್ಮ ಪ್ರದಕ್ಷಿಣೆಯ ಹಾಗೆಯೇ. ಆ ಊರಿನವರ ಲಾಡ್ಜಿನಲ್ಲಿ ಒಂದು ರಾತ್ರಿ ಉಳಿದು ಊಟ ಮಾಡುವುದಕ್ಕಿಂತ ನೇರವಾದ ಸಹಾಯ ಬೇರೆ ಇಲ್ಲ. ಕ್ಯಾಂಜಿನ್‌ನಲ್ಲಿ 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನವರ ನೆರವಿನಿಂದ ಶುರುವಾದ ಚೀಸ್ ಕೇಂದ್ರ ಇದೆ, ಯಾಕ್ ತಳಿಯ ಹಾಲಿನದು. ಗಟ್ಟಿ ಚೀಸಿನ ತುಂಡು ಜೇಬಿನಲ್ಲಿದ್ದರೆ ಚೆರ್ಕೋ ರಿ ಏರಲು ಒಳ್ಳೆಯ ಬುತ್ತಿ.

ರಸ್ತೆಯ ವಿಷಯದಲ್ಲಿ ಮಾತ್ರ ಎಚ್ಚರ. ಮಳೆಗಾಲದಲ್ಲಿ ಈ ಗಡಿರಸ್ತೆ ಪದೇ ಪದೇ ಕುಸಿಯುತ್ತದೆ, ಏಳೆಂಟು ಗಂಟೆಯ ದಾರಿ ಹನ್ನೆರಡಾಗಬಹುದು. ಅಷ್ಟೂ ಹೊತ್ತು ಕುಲುಕುವುದರಿಂದ ಬಸ್ಸಿನಲ್ಲಿ ವಾಂತಿಯಾಗುವವರು ಮಾತ್ರೆ ನುಂಗಿಯೇ ಹತ್ತಿ.

ಮುಕ್ತಿನಾಥ

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರ ಆಯ್ಕೆ ಇದು. ಕನ್ನಡ ನಾಡಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಬರುವುದು ಇದೇ ಗಂಡಕಿ ಕಣಿವೆಯಿಂದ. ಪೋಖರಾದಿಂದ ಬೇನಿ, ತಾತೋಪಾನಿ, ಮಾರ್ಫಾ, ಜೋಮ್‌ಸೋಮ್, ಕಾಗ್‌ಬೇನಿ ಮೂಲಕ ಜೀಪಿನಲ್ಲಿ ಹೋಗಬಹುದು. ಇಲ್ಲವೇ ಜೋಮ್‌ಸೋಮ್‌ವರೆಗೆ ಸುಮಾರು 20 ನಿಮಿಷದ ವಿಮಾನ. ಕಣಿವೆಯಲ್ಲಿ ಹತ್ತು ಹನ್ನೊಂದು ಗಂಟೆಗೆಲ್ಲ ಜೋರು ಗಾಳಿ ಏಳುವುದರಿಂದ ವಿಮಾನಗಳು ಬೆಳಿಗ್ಗೆ ಮಾತ್ರ.

ನಡಿಗೆ ಇಲ್ಲ ಅಂದಮಾತ್ರಕ್ಕೆ ಇದು ಸುಲಭ ಅಂದುಕೊಳ್ಳಬೇಡಿ. ದೇವಸ್ಥಾನ ಸುಮಾರು 3,750 ಮೀಟರಿನಲ್ಲಿದೆ. ಬೆಳಿಗ್ಗೆ 820 ಮೀಟರಿನ ಪೋಖರಾ ಬಿಟ್ಟು ಸಂಜೆಗೆ ಮುಕ್ತಿನಾಥದಲ್ಲಿ ಮಲಗುವುದು ಈ ಬರಹದಲ್ಲಿ ಹೇಳಿದ ಎಲ್ಲ ಏರಿಕೆಗಳಲ್ಲೂ ಅತಿ ಕೆಟ್ಟದ್ದು, ಅದನ್ನು ಮಾಡುವವರೋ ಹೆಚ್ಚಿನವರು ಅರವತ್ತು ದಾಟಿದವರು. ಜೋಮ್‌ಸೋಮ್ ಅಥವಾ ಮಾರ್ಫಾದಲ್ಲಿ (2,700 ಮೀಟರಿನ ಆಸುಪಾಸು) ರಾತ್ರಿ ಉಳಿಯಿರಿ. ಮರುದಿನ ಬೆಳಿಗ್ಗೆ ಮೇಲೆ ಹೋಗಿ ದರ್ಶನ ಮುಗಿಸಿ ಮಧ್ಯಾಹ್ನಕ್ಕೆ ಕೆಳಗೆ ಬನ್ನಿ. 108 ಧಾರೆಗಳ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಹೃದಯದ ತೊಂದರೆ, ಬಿಪಿ ಇರುವವರು ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಜೀಪು ನಿಲ್ಲುವ ರಾಣಿಪೌವಾದಿಂದ ಗುಡಿಗೆ ಏರುದಾರಿ ಇದೆ, ನಡೆಯಲಾಗದವರಿಗೆ ಕುದುರೆ ಸಿಗುತ್ತದೆ. ಧೂಳಿಗೆ ಮಾಸ್ಕ್ ಇರಲಿ.

ಕಾಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನಕ್ಕೆ ಹೋದಾಗ ಹಿರಿಯರಿಗೆ ಇಷ್ಟವಾಗುವ ಸಂಗತಿ: ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ಕರ್ನಾಟಕ ಮೂಲದವರು.

ಯಾವಾಗ ಹೋಗಬೇಕು

ದಸರಾ ರಜೆಗೆ ಹೋಗೋಣ ಎನ್ನುವವರು ಬಹಳ. ನೇಪಾಳದಲ್ಲೂ ಅದೇ ಸಮಯದಲ್ಲಿ ದಶೈಂ, ಅವರ ವರ್ಷದ ಅತಿ ದೊಡ್ಡ ಹಬ್ಬ. ಊರಿಗೆ ಹೋಗುವವರಿಂದ ಬಸ್ಸುಗಳು ತುಂಬಿರುತ್ತವೆ, ಕಚೇರಿಗಳು ಮುಚ್ಚಿರುತ್ತವೆ, ಗೈಡ್‌ಗಳು ಮನೆಯಲ್ಲಿರುತ್ತಾರೆ. ಹಬ್ಬ ಸೆಪ್ಟೆಂಬರಿನಲ್ಲೇ ಬಂದ ವರ್ಷ ಮಳೆಯೂ ನಿಂತಿರುವುದಿಲ್ಲ. ದೀಪಾವಳಿ ಮುಗಿಸಿ ಹೊರಟರೆ ಆಕಾಶವೂ ತಿಳಿ, ದಾರಿಯೂ ತೆರವು, ರಾತ್ರಿ ಚಳಿ ಮಾತ್ರ ಜಾಸ್ತಿ. ಆದರೂ ಬಂಗಾಳ ಕೊಲ್ಲಿಯ ಮೇಲೆ ಒಂದು ಕಣ್ಣಿಡಿ. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತವೇ ಎರಡು ದಿನದ ನಂತರ ಅನ್ನಪೂರ್ಣ ಸುತ್ತಿನ ಥೊರೊಂಗ್ ಲಾ ಘಟ್ಟದ ಸುತ್ತಮುತ್ತ ಹಿಮಬಿರುಗಾಳಿಯಾಗಿ ನಲವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಂಧ್ರ, ಒಡಿಶಾ ಕರಾವಳಿಗೆ ಚಂಡಮಾರುತದ ಸುದ್ದಿ ಬಂದರೆ ಕೆಳಗಿನ ಊರಿನಲ್ಲೇ ಮೂರು ದಿನ ನಿಲ್ಲಿ.

ಬೇಸಿಗೆ ರಜೆಯವರಿಗೆ ಏಪ್ರಿಲ್ ಒಳ್ಳೆಯದು, ಮೇ ಕೊನೆಗೆ ಮಬ್ಬು, ಮಧ್ಯಾಹ್ನದ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಕೆಳಗಿನ ಕಾಡುಗಳಲ್ಲಿ ನಮ್ಮ ಮಲೆನಾಡಿನಂತೆಯೇ ಇಂಬಳದ ಕಾಟ, ಮೇಲೆ ಮೋಡ. ಮಳೆನೆರಳಿನಲ್ಲಿರುವ ಮುಕ್ತಿನಾಥ ಮಾತ್ರ ಆಗಲೂ ಒಣಗಿರುತ್ತದೆ, ಅಲ್ಲಿಗೆ ಹೋಗುವ ರಸ್ತೆ ಒಣಗಿರುವುದಿಲ್ಲ.

ಕಾಗದ, ದುಡ್ಡು, ವಿಮೆ

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರ ಹತ್ತಿರ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಇರಬೇಕು. 15ರಿಂದ 65 ವರ್ಷದವರಿಗೆ ಆಧಾರ್ ನಡೆಯುವುದಿಲ್ಲ, ವಿಮಾನ ನಿಲ್ದಾಣದಿಂದ ವಾಪಸಾಗುವವರ ಸಾಮಾನ್ಯ ತಪ್ಪು ಇದೇ. ಭಾರತವೂ ಸೇರಿ ಸಾರ್ಕ್ ದೇಶದವರಿಗೆ ಪರ್ಮಿಟ್ ಶುಲ್ಕ ಕಡಿಮೆ: ಅನ್ನಪೂರ್ಣಕ್ಕೆ 1,000 ನೇಪಾಳಿ ರೂಪಾಯಿ, ಸಾಗರಮಾಥಾ ಮತ್ತು ಲಾಂಗ್‌ಟಾಂಗ್ ರಾಷ್ಟ್ರೀಯ ಉದ್ಯಾನಗಳಿಗೆ ಸುಮಾರು 1,500. ಎವರೆಸ್ಟ್ ದಾರಿಯಲ್ಲಿ ಸ್ಥಳೀಯ ಗ್ರಾಮಪಾಲಿಕೆಯ ಶುಲ್ಕ ಬೇರೆ ಇದೆ. ಅನ್ನಪೂರ್ಣ, ಲಾಂಗ್‌ಟಾಂಗ್‌ಗೆ ಟಿಮ್ಸ್ ಕಾರ್ಡೂ (ಚಾರಣಿಗರ ನೋಂದಣಿ ಚೀಟಿ) ಬೇಕು. ಒಳನಾಡಿನ ವಿಮಾನಗಳಲ್ಲಿ ಭಾರತೀಯರಿಗೆ ವಿದೇಶಿಯರಿಗಿಂತ ಕಡಿಮೆ ದರ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಸೀಟು ಕಾಯ್ದಿರಿಸುವ ಆತುರದಲ್ಲಿ ಅಂತರ್ಜಾಲದಲ್ಲಿ ಡಾಲರ್ ದರ ಕೊಟ್ಟವರು ಬಹಳ ಜನ.

ನಮ್ಮ ಒಂದು ರೂಪಾಯಿಗೆ ಅವರದು 1 ರೂಪಾಯಿ 60 ಪೈಸೆ, ಇದು ದಿನದಿನ ಬದಲಾಗುವುದಿಲ್ಲ. ನೂರರ ನೋಟುಗಳನ್ನೇ ಒಯ್ಯಿರಿ. ಅದಕ್ಕಿಂತ ದೊಡ್ಡ ನೋಟಿನ ನಿಯಮ ಬದಲಾಗುತ್ತಿರುವುದರಿಂದ ಹೊರಡುವ ವಾರ ಮತ್ತೆ ನೋಡಿಕೊಳ್ಳಿ. ಪಟ್ಟಣದ ಅಂಗಡಿಗಳಲ್ಲಿ 2024ರಿಂದ ಕ್ಯೂಆರ್ ಮೂಲಕ ಯುಪಿಐ ನಡೆಯುತ್ತದೆ, ಮಲೆಯ ಮೇಲೆ ನೆಚ್ಚಿಕೊಳ್ಳಬೇಡಿ. ನಾಮ್ಚೆಯಲ್ಲಿ ಎಟಿಎಂ ಇದೆ. ಅನ್ನಪೂರ್ಣಕ್ಕೆ ಪೋಖರಾದಲ್ಲಿ, ಲಾಂಗ್‌ಟಾಂಗ್‌ಗೆ ಕಾಠ್ಮಂಡುವಿನಲ್ಲೇ ಪೂರ್ತಿ ನಗದು ತೆಗೆದುಕೊಂಡು ಹೊರಡಿ.

ವಿಮೆ ಪತ್ರದಲ್ಲಿ ಒಂದು ಸಾಲು ಹುಡುಕಿ: ಎಷ್ಟು ಮೀಟರ್‌ವರೆಗೆ ಚಾರಣಕ್ಕೆ ಅನ್ವಯ? ಎವರೆಸ್ಟ್ ದಾರಿಗೆ 6,000 ಮೀಟರ್‌ವರೆಗಿನ ಹೆಲಿಕಾಪ್ಟರ್ ರಕ್ಷಣೆ ಒಳಗೊಂಡಿರಬೇಕು. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಇದು ಇರುವುದು ಅಪರೂಪ. ಹಾಗೆಯೇ ಸಣ್ಣ ತಲೆನೋವಿಗೂ ಹೆಲಿಕಾಪ್ಟರ್ ಹತ್ತಿಸಿ ವಿಮೆಯ ದುಡ್ಡು ಹೊಡೆಯುವ ದಂಧೆಯೂ ನಡೆದಿದೆ, 2018ರಲ್ಲಿ ನೇಪಾಳ ಸರ್ಕಾರವೇ ಅದರ ತನಿಖೆ ಮಾಡಿತ್ತು. ನಡೆದು ಇಳಿಯಲು ಆಗುವಾಗ ನಡೆದೇ ಇಳಿಯಿರಿ.

ಗೈಡ್ ಮತ್ತು ಪೋರ್ಟರ್

2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಪರವಾನಗಿ ಇರುವ ಗೈಡ್ ಕಡ್ಡಾಯ ಎಂಬ ನಿಯಮ ಬಂದಿದೆ. ಎವರೆಸ್ಟ್ ಭಾಗದ ಸ್ಥಳೀಯ ಆಡಳಿತ ಅದನ್ನು ಹೇರಿಲ್ಲ. ನಿಯಮ ಏನೇ ಇರಲಿ, ಮೊದಲ ಸಲದವರು ಗೈಡ್ ಇಲ್ಲದೆ ಹೋಗಬೇಡಿ. ಭಾಷೆಯ ತೊಂದರೆ ಇಲ್ಲ, ಹಿಂದಿ ಬಲ್ಲವರಿಗೆ ಎಲ್ಲೂ ನಡೆಯುತ್ತದೆ.

ಪೋರ್ಟರ್‌ನನ್ನು ಗೊತ್ತು ಮಾಡುವಾಗ ದಿನದ ಕೂಲಿಯಲ್ಲಿ ಅವನ ಊಟ, ವಸತಿ, ವಿಮೆ ಸೇರಿದೆಯೇ ಎಂದು ಏಜೆನ್ಸಿಯ ಮುಂದೆ, ಅವನ ಎದುರಿಗೇ ಕೇಳಿ. ಒಬ್ಬನ ಬೆನ್ನಿಗೆ ಅವನ ಸ್ವಂತ ಸಾಮಾನೂ ಸೇರಿ 30 ಕಿಲೋ ಮೀರಬಾರದು. ಇಬ್ಬರು ಚಾರಣಿಗರಿಗೆ ಒಬ್ಬ ಪೋರ್ಟರ್ ಅಂದರೆ ನಿಮ್ಮ ಚೀಲ ತಲಾ 11, 12 ಕಿಲೋದೊಳಗಿರಬೇಕು. ಹೊರಡುವ ದಿನ ಅವನ ಕಾಲು ನೋಡಿ. ಚಪ್ಪಲಿಯಲ್ಲಿ ಬಂದಿದ್ದರೆ, ಬೆಚ್ಚನೆ ಜಾಕೆಟ್ ಇಲ್ಲದಿದ್ದರೆ, ಕಾಠ್ಮಂಡುವಿನ ಥಮೇಲ್‌ನಲ್ಲೋ ಪೋಖರಾದಲ್ಲೋ ಕೊಡಿಸಿಯೇ ಮುಂದಕ್ಕೆ ಹೋಗಿ. ಬಹಳ ಪೋರ್ಟರ್‌ಗಳು ತಗ್ಗಿನ ಹಳ್ಳಿಗಳಿಂದ ಬಂದವರು, ಎತ್ತರದ ಕಾಯಿಲೆ ಅವರಿಗೂ ನಿಮ್ಮಷ್ಟೇ ಬೇಗ ಬರುತ್ತದೆ, ಕೂಲಿ ತಪ್ಪೀತೆಂದು ಅವರು ಹೇಳುವುದಿಲ್ಲ. ಸಂಜೆ ಊಟಕ್ಕೆ ಕೂರುವ ಮೊದಲು ಅವನು ತಿಂದನೇ, ತಲೆ ನೋಯುತ್ತಿದೆಯೇ ಅಂತ ವಿಚಾರಿಸಿ. ಕಾಯಿಲೆ ಬಿದ್ದರೆ ಕೂಲಿ ಚುಕ್ತಾ ಮಾಡಿ ಒಬ್ಬನನ್ನೇ ಇಳಿಸಿ ಕಳಿಸಬಾರದು. ಅವನ ಭಾಷೆ ಗೊತ್ತಿರುವ ಒಬ್ಬರನ್ನು ಜೊತೆಗೆ ಕಳಿಸಿ, ಕೆಳಗಿನ ಊರು ತಲುಪಿದ ಸುದ್ದಿ ಬರುವವರೆಗೆ ನೀವು ಅಲ್ಲೇ ನಿಲ್ಲಿ.